ಪ್ಲೇಟು ಬಿಚ್ಚಿದ ಮೇಲೆ ನೋಡಬೇಕಾದದ್ದು

ತಮ್ಮಾ, ಥಾರ್‌ನ ಅಡಿಯ ಪ್ಲೇಟು ಜಜ್ಜಿಹೋಯಿತೆಂದು ಬೇಸರ ಮಾಡಿಕೊಳ್ಳಬೇಡ. ಕಲ್ಲಿನ ಏಟು ತಾನು ತಿಂದು ಇಂಜಿನ್ ಎಣ್ಣೆಯ ಚೇಂಬರ್ ಉಳಿಸುವುದಕ್ಕೇ ಅದನ್ನು ಅಲ್ಲಿ ಕಟ್ಟಿರುವುದು. ನನಗೆ ಚಿಂತೆಯಾದದ್ದು ನೀನು ಆಮೇಲೆ ಆಡಿದ ಮಾತಿಗೆ. ‘ಇದನ್ನು ಗುಜರಿಗೆ ಹಾಕಿ ಇನ್ನೂ ದಪ್ಪದ್ದು ತರಿಸ್ತೀನಿ ಮಾವ, ಆಮೇಲೆ ಎಂಥ ಕಲ್ಲಾದರೂ ಬರಲಿ’ ಅಂದೆ. ಹೊಸ ಪ್ಲೇಟು ಹಾಕು, ಬೇಡವೆನ್ನುವುದಿಲ್ಲ. ಆದರೆ ಹಳೆಯದು ಏನು ಹೇಳುತ್ತಿದೆ ಎಂದು ಕೇಳದೆ ಎಸೆಯಬೇಡ.

ಗಾಡಿಯ ಅಡಿಗೆ ಟಾರ್ಚ್ ಹಿಡಿದು ಗಾಯಗಳನ್ನು ನೋಡು. ಮುಂದಿನಿಂದ ಹಿಂದಕ್ಕೆ ಉದ್ದುದ್ದ ಗೀರುಗಳಿದ್ದರೆ ಗಾಡಿ ಕಲ್ಲಿನ ಮೇಲೆ ಜಾರಿಕೊಂಡು ದಾಟಿದೆ, ಅದು ತಪ್ಪಲ್ಲ. ಒಂದೇ ಕಡೆ ಆಳವಾಗಿ ಕುಸಿದ ಗುಂಡಿ ಇದ್ದರೆ ನೀನು ಇಳಿಜಾರಿನಲ್ಲಿ ವೇಗ ತಡೆಯದೆ ಗಾಡಿಯನ್ನು ಕಲ್ಲಿನ ಮೇಲೆ ಕೆಡವಿದ್ದೀಯ. ಪ್ಲೇಟಿನ ಹಿಂದಿನ ಅಂಚು ಮಡಚಿದ್ದರೆ ರಿವರ್ಸ್ ತೆಗೆಯುವಾಗ ಸಿಕ್ಕಿಕೊಂಡಿದೆ. ಏಟೆಲ್ಲ ಎಡಗಡೆಯೇ ಬಿದ್ದಿದ್ದರೆ, ಬಲಕ್ಕೆ ಕೂತ ನಿನಗೆ ಎಡಚಕ್ರ ಎಲ್ಲಿ ಹೋಗುತ್ತಿದೆ ಎಂಬ ಅಂದಾಜು ಇನ್ನೂ ಕೂತಿಲ್ಲ. ದಪ್ಪ ಪ್ಲೇಟು ಇದ್ಯಾವುದನ್ನೂ ಸರಿಮಾಡುವುದಿಲ್ಲ.

ಕೊಡಚಾದ್ರಿಗೆ ಬಾಡಿಗೆ ಜೀಪು ಹತ್ತಿಸುವವರ ಪಕ್ಕದ ಸೀಟಿನಲ್ಲಿ ಒಮ್ಮೆ ಕೂತು ಬಾ. 1,343 ಮೀಟರ್ ಎತ್ತರದ ಬೆಟ್ಟ, ಮಳೆನೀರು ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ ಕಲ್ಲಷ್ಟೇ ಉಳಿದ ದಾರಿ. ಅವರು ದೊಡ್ಡ ಕಲ್ಲು ಕಂಡರೆ ಎರಡು ಚಕ್ರಗಳ ನಡುವೆ ಹಾಯಿಸಲು ಹೋಗುವುದಿಲ್ಲ, ಚಕ್ರವನ್ನೇ ಕಲ್ಲಿನ ಮೇಲೆ ಏರಿಸುತ್ತಾರೆ. ಟೈರು ಏರಿದರೆ ಅದರೊಂದಿಗೆ ಗಾಡಿಯ ಹೊಟ್ಟೆಯೂ ಮೇಲೆದ್ದಿತು. ಪೇಟೆಯ ರಸ್ತೆಯಲ್ಲಿ ಗುಂಡಿ ತಪ್ಪಿಸಿ ಓಡಿಸಿ ರೂಢಿಯಾದ ಕೈಗೆ ಇದು ತಿರುಗಾಮುರುಗಾ ಅನ್ನಿಸುತ್ತದೆ, ಕಲಿಯಲೇಬೇಕು.

ಇನ್ನೊಂದು ಮಾತು. ನಿನ್ನ ಗಾಡಿಯ ಅಡಿಗೂ ನೆಲಕ್ಕೂ ನಡುವಿನ ಅಂತರ 226 ಮಿಲಿಮೀಟರ್ ಎಂದು ಕಂಪನಿಯವರು ಬರೆದಿದ್ದಾರೆ. ಅದು ನಿಂತ ಗಾಡಿಯ ಲೆಕ್ಕ. ಹಳೆಯ ಜೀಪಿಗೂ ಜಿಪ್ಸಿಗೂ ಮುಂದೆ ಇಡೀ ಆಕ್ಸಲ್ ಒಂದೇ ತುಂಡು, ಡಿಫರೆನ್ಷಿಯಲ್ಲಿನ ಗುಂಡು ಆಕ್ಸಲ್ ಜೊತೆಗೇ ಇರುತ್ತದೆ. ಸ್ಪ್ರಿಂಗು ಎಷ್ಟೇ ಕುಸಿದರೂ ಡಿಫರೆನ್ಷಿಯಲ್ಲಿಗೂ ನೆಲಕ್ಕೂ ಇರುವ ಅಂತರ ಬದಲಾಗದು. 2020ರಲ್ಲಿ ಬಂದ ನಿನ್ನ ಮಾದರಿಯಲ್ಲಿ ಮುಂದಿನ ಚಕ್ರಗಳು ಒಂದೊಂದೂ ತನ್ನಷ್ಟಕ್ಕೆ ಆಡುತ್ತವೆ, ಡಿಫರೆನ್ಷಿಯಲ್ ಚಾಸಿಗೆ ಅಂಟಿಕೊಂಡಿದೆ. ರಭಸದಿಂದ ತಗ್ಗಿಗೆ ಇಳಿದು ಎರಡೂ ಸ್ಪ್ರಿಂಗು ಕುಸಿದರೆ ಹೊಟ್ಟೆಯೇ ನೆಲದ ಹತ್ತಿರ ಬರುತ್ತದೆ. ನಿಧಾನ ಹೋದಾಗ ತಾಗದ ಕಲ್ಲು ಜೋರಾಗಿ ಹೋದಾಗ ತಾಗುವುದು ಹೀಗೆ.

ಈಗ ಬಿಚ್ಚುವ ವಿಚಾರ. ಉಳಿದ ಯಾವ ಮಾತನ್ನು ಮರೆತರೂ ಇದನ್ನು ಮರೆಯಬೇಡ: ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಕೂಡದು. ಮಣ್ಣಿನ ಅಂಗಳ ಬೇಡ, ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸು. ಹ್ಯಾಂಡ್‌ಬ್ರೇಕ್ ಎಳೆ, ಚಕ್ರಗಳಿಗೆ ಅಡೆ ಕೊಡು, ಎತ್ತಿದ ಮೇಲೆ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಒಮ್ಮೆ ತಳ್ಳಿ ಅಲುಗಾಡಿಸಿ ನೋಡು. ಇಟ್ಟಿಗೆ, ಸೈಜುಗಲ್ಲು ಪೇರಿಸುವವರನ್ನು ಕಂಡರೆ ಈಗಲೂ ನನಗೆ ಎದೆ ಧಸಕ್ಕೆನ್ನುತ್ತದೆ. ಭಾರ ಬಿದ್ದಾಗ ಅವು ಹೇಳದೆ ಕೇಳದೆ ಒಡೆಯುತ್ತವೆ. ಸೈಲೆನ್ಸರ್ ಪೈಪು ಪೂರ್ತಿ ಆರಿರಲಿ. ಕಣ್ಣಿಗೆ ಕನ್ನಡಕ ಹಾಕಿಕೋ, ಪ್ಲೇಟು ಸಡಿಲವಾದ ಕೂಡಲೇ ಒಳಗೆ ಕೂತ ಮಣ್ಣೆಲ್ಲ ಮುಖದ ಮೇಲೆ ಸುರಿಯುತ್ತದೆ.

ಬೋಲ್ಟಿನ ತಲೆಗಳು ಕಲ್ಲಿಗೆ ಉಜ್ಜಿ ಸವೆದಿರುತ್ತವೆ, ನಮ್ಮ ಮಳೆಗೆ ತುಕ್ಕೂ ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡು. ಬೆಳಿಗ್ಗೆ ತಂತಿಬ್ರಷ್ಷಿನಿಂದ ಉಜ್ಜಿ, ಸರಿಯಾದ ಅಳತೆಯ ಸಾಕೆಟ್ ಕೂರಿಸಿ, ಒಂದಿಷ್ಟು ಬಿಚ್ಚಿ ಮತ್ತೆ ಒಂದಿಷ್ಟು ಬಿಗಿಸಿ, ಹಾಗೇ ಆಡಿಸುತ್ತ ತೆಗೆ. ಒಂದೇ ಏಟಿಗೆ ಪಾನಾದ ಮೇಲೆ ನಿಂತರೆ ಬೋಲ್ಟು ಮುರಿಯುತ್ತದೆ, ಇಲ್ಲವೇ ಚಾಸಿಯ ಒಳಗೆ ಬೆಸೆದಿಟ್ಟ ನಟ್ಟೇ ಕಿತ್ತುಬಂದು ಸುಮ್ಮನೆ ಸುತ್ತತೊಡಗುತ್ತದೆ. ಆಗ ಅರ್ಧ ಗಂಟೆಯ ಕೆಲಸ ಎರಡು ದಿನಕ್ಕೆ ಹೋಯಿತು. ಡೀಸೆಲ್ ಟ್ಯಾಂಕಿನ ಹತ್ತಿರದ ಬೋಲ್ಟಿಗೆ ಬೆಂಕಿ ಹಿಡಿಯುವ ಯೋಚನೆಯೇ ಬೇಡ. ಕೊನೆಯ ಎರಡು ಬೋಲ್ಟು ಬಿಚ್ಚುವ ಮೊದಲು ಜಾಕಿನ ಮೇಲೆ ಹಲಗೆಯಿಟ್ಟು ಪ್ಲೇಟಿಗೆ ಆಸರೆ ಕೊಡು.

ಪ್ಲೇಟು ಕೆಳಗಿಳಿಯಿತೇ? ಈಗ ನಾನು ಹೇಳಬೇಕೆಂದಿದ್ದ ಜಾಗಕ್ಕೆ ಬಂದೆ. ಮೊದಲು ಚೇಂಬರ್ ನೋಡು. ಎಣ್ಣೆ ಸೋರುತ್ತಿಲ್ಲವಾದ್ದರಿಂದ ಏನೂ ಆಗಿಲ್ಲ ಎಂದುಕೊಳ್ಳಬೇಡ. ಚೇಂಬರಿನ ತಳದಿಂದ ಸ್ವಲ್ಪವೇ ಮೇಲೆ ಆಯಿಲ್ ಪಂಪು ಎಣ್ಣೆ ಹೀರುವ ಜಾಲರಿ ಇರುತ್ತದೆ. ತಗಡಿನ ಚೇಂಬರಾದರೆ ಏಟಿಗೆ ಒಳಕ್ಕೆ ಕುಸಿದು ಆ ಜಾಲರಿಯ ಬಾಯಿಗೆ ಅಡ್ಡ ಬರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಸರಿಯಾಗಿಯೇ ಕಾಣುತ್ತದೆ, ಇಂಜಿನ್ ಮಾತ್ರ ಎಣ್ಣೆ ಸಾಲದೆ ಒಳಗೊಳಗೇ ಸವೆಯುತ್ತದೆ. ಏರಿನಲ್ಲಿ ಆಯಿಲ್ ದೀಪ ಹೊತ್ತಿಕೊಂಡರೆ ಅಲ್ಲೇ ಇಂಜಿನ್ ಆರಿಸಬೇಕು, ಮನೆ ಮುಟ್ಟೋಣ ಎಂದರೆ ಬೇರಿಂಗು ಉಳಿಯುವುದಿಲ್ಲ. ಎರಕದ ಅಲ್ಯೂಮಿನಿಯಂ ಚೇಂಬರ್ ಕುಸಿಯುವುದಿಲ್ಲ, ಬಿರುಕು ಬಿಡುತ್ತದೆ. ಒರೆಸಿ ಒಣಗಿಸಿ, ಇಂಜಿನ್ ಸ್ವಲ್ಪ ಓಡಿಸಿ ಆರಿಸಿ, ಮತ್ತೆ ನೋಡಿದರೆ ಕೂದಲೆಳೆಯಷ್ಟು ಎಣ್ಣೆಗೆರೆ ಕಾಣುತ್ತದೆ.

ಆಮೇಲೆ ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, ಅವು ಕೂತ ರಬ್ಬರುಗಳು, ಬ್ರೇಕ್ ಪೈಪು, ವೈರುಗಳು. ಪ್ಲೇಟು ಕೂರುವ ಅಡ್ಡಪಟ್ಟಿ ಬಾಗಿದೆಯೇ ಎಂದು ಎರಡೂ ಕಡೆಯಿಂದ ಅಳೆದು ನೋಡು. ಪ್ಲೇಟಿಗೆ ಬಿದ್ದ ಏಟು ಬೋಲ್ಟಿನ ಮೂಲಕ ಆ ಪಟ್ಟಿಗೇ ಹೋಗುತ್ತದೆ. ಪಟ್ಟಿ ದುರ್ಬಲವಾಗಿದ್ದರೆ ಮೇಲೆ ಎಷ್ಟು ದಪ್ಪದ್ದು ಬಿಗಿದರೂ ಮುಂದಿನ ಏಟಿಗೆ ಎರಡೂ ಕೂಡಿ ಚೇಂಬರಿಗೆ ಬಡಿಯುತ್ತವೆ. ಮೂಲೆಯಲ್ಲಿ ಕೂತ ಕೆಮ್ಮಣ್ಣು, ಎಲೆ, ಹುಲ್ಲು ಎಲ್ಲ ತೆಗೆ. ಮಳೆಗಾಲದಲ್ಲಿ ಅದು ನೀರು ಹಿಡಿದು ತುಕ್ಕು ತರಿಸುತ್ತದೆ. ಮಾಘ, ಫಾಲ್ಗುಣದಲ್ಲಿ ಒಣಹುಲ್ಲು ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿ, ಅದೂ ಬೇಣದ ನಡುವೆ.

ಹಳೆಯ ಪ್ಲೇಟು ಕಬ್ಬಿಣದ್ದಾಗಿ ಬರೀ ಬಾಗಿದ್ದರೆ ತಟ್ಟಿ ನೇರ ಮಾಡಿ ಮತ್ತೆ ಹಾಕಬಹುದು, ನಾಚಿಕೆಯೇನಿಲ್ಲ. ಬೋಲ್ಟಿನ ತೂತಿನ ಸುತ್ತ ಸೀಳಿದ್ದರೆ, ಮಡಚಿದ ಗೆರೆಯಲ್ಲಿ ಬಿರುಕಿದ್ದರೆ ಅದರ ಆಯುಸ್ಸು ಮುಗಿಯಿತು. ಹೊಸದಕ್ಕೆ ಉಕ್ಕೋ ಅಲ್ಯೂಮಿನಿಯಮ್ಮೋ ಎಂದು ನೀನು ಕೇಳಿದ್ದೆ. 4 ಮಿಲಿಮೀಟರ್ ಉಕ್ಕು ಒಂದು ಚದರ ಮೀಟರಿಗೆ 31 ಕಿಲೋ ಮೇಲೆ ತೂಗುತ್ತದೆ, 6 ಮಿಲಿಮೀಟರ್ ಅಲ್ಯೂಮಿನಿಯಂ 16 ಕಿಲೋ. ಅಲ್ಯೂಮಿನಿಯಂ ತುಕ್ಕು ಹಿಡಿಯದು, ಆದರೆ ಮೆದು. ಚೂಪುಕಲ್ಲು ಅದನ್ನು ಕೆತ್ತಿ ಹಿಡಿದುಕೊಳ್ಳುತ್ತದೆ, ಉಕ್ಕು ಜಾರಿಹೋಗುತ್ತದೆ. ನಮ್ಮ ಕಡೆಯ ತೋಟದ ದಾರಿಗೆ ನನ್ನ ಮನಸ್ಸು ಉಕ್ಕಿನ ಕಡೆಗೇ. ಇಂಜಿನ್ನಿಗೂ ಟ್ರಾನ್ಸ್‌ಫರ್ ಕೇಸಿಗೂ ಪ್ಲೇಟಿದ್ದರೆ ಸಾಕು. ಅಡಿಯೆಲ್ಲ ಮುಚ್ಚಿ ಭಾರ ಹೇರಿದರೆ ಸ್ಪ್ರಿಂಗು ಕುಸಿದು, ಪ್ಲೇಟಿಂದ ಪಡೆದ ಲಾಭವನ್ನು ಎತ್ತರದಲ್ಲಿ ಕಳೆದುಕೊಳ್ಳುತ್ತೀಯ.

ಆಯಿಲ್ ಇಳಿಸುವ ತೂತು, ಗಾಳಿಗೆ ಕಿಂಡಿ ಇರುವುದನ್ನೇ ಆರಿಸು. ತೂತಿಲ್ಲದಿದ್ದರೆ ಪ್ರತಿಸಲ ಪ್ಲೇಟು ಬಿಚ್ಚಬೇಕಲ್ಲ ಎಂಬ ಸೋಮಾರಿತನಕ್ಕೆ ಆಯಿಲ್ ಬದಲಿಸುವುದೇ ಮುಂದಕ್ಕೆ ಹೋಗುತ್ತದೆ. ಬೋಲ್ಟಿನ ತಲೆ ಪ್ಲೇಟಿನ ಮೈಯೊಳಗೆ ಅಡಗಿ ಕೂರುವಂತಿರಲಿ. ವೆಲ್ಡಿಂಗ್ ಮಾಡಿ ಚಾಸಿಗೆ ಅಂಟಿಸಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡ. ಬಿಚ್ಚಲಾಗದ ಪ್ಲೇಟಿನ ಹಿಂದೆ ಏನಾಗಿದೆಯೋ ಯಾರಿಗೂ ಗೊತ್ತಾಗುವುದಿಲ್ಲ.

ಕೂರಿಸುವಾಗ ಚಾಸಿಯ ನಟ್ಟುಗಳಿಗೆ ಟ್ಯಾಪ್ ಹೊಡೆಸಿ ಥ್ರೆಡ್ ಸ್ವಚ್ಛ ಮಾಡು. 8.8 ಎಂದು ತಲೆಯ ಮೇಲೆ ಬರೆದ ಹೊಸ ಬೋಲ್ಟು ತಗೋ. ಎಲ್ಲವನ್ನೂ ಕೈಯಿಂದಲೇ ಮೂರ್ನಾಲ್ಕು ಸುತ್ತು ಹಿಡಿಸಿದ ಮೇಲೆಯೇ ಪಾನಾ ಮುಟ್ಟು, ಇಲ್ಲವಾದರೆ ಕೊನೆಯ ತೂತು ಎದುರಾಗುವುದಿಲ್ಲ. ಎದುರುಬದುರಾಗಿ ಬಿಗಿಸುತ್ತ ಹೋಗಿ, ಕೊನೆಗೆ ಟಾರ್ಕ್ ರೆಂಚಿನಿಂದ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಸು. ಚೇಂಬರಿಗೂ ಪ್ಲೇಟಿಗೂ ನಡುವೆ ಬೆರಳು ಸಲೀಸಾಗಿ ಆಡುವಷ್ಟು ಜಾಗ ಉಳಿದಿದೆಯೇ ನೋಡು. ಇಂಜಿನ್ ಓಡಿಸಿ ಎಲ್ಲಾದರೂ ತಾಗುವ ಸದ್ದಿದೆಯೇ ಕೇಳು. ಮೊದಲ ಸಲ ತೋಟದ ದಾರಿ ಸುತ್ತಿಬಂದ ಮೇಲೆ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಪರೀಕ್ಷಿಸು. ಅದೇ ಅಳತೆಯ ಎರಡು ಬೋಲ್ಟು, ವಾಷರು ಟೂಲ್ ಡಬ್ಬಿಯಲ್ಲಿ ಇಟ್ಟುಕೊಂಡೇ ಹೊರಡು.