ಪ್ರಿಪರೇಟರಿಯಲ್ಲಿ 31: ಅಂಕ ಬಿಡಿ, ಪೇಪರ್ ನೋಡಿ

ಪ್ರಶ್ನೆ: ಮೇಡಂ, ನನ್ನ ಮಗಳು ಕೊಪ್ಪ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಯೂನಿಟ್ ಟೆಸ್ಟ್‌ಗಳಲ್ಲಿ ಗಣಿತಕ್ಕೆ ಒಳ್ಳೆಯ ಅಂಕವೇ ಬರುತ್ತಿತ್ತು. ಮೊದಲ ಪ್ರಿಪರೇಟರಿಯಲ್ಲಿ 80ಕ್ಕೆ 31 ಬಂದಿದೆ. ಪೇಪರ್ ಕಷ್ಟ ಇತ್ತು, ಸರ್ ಅರ್ಧರ್ಧ ಅಂಕಕ್ಕೂ ಕತ್ತರಿ ಹಾಕಿದ್ದಾರೆ ಅನ್ನುತ್ತಾಳೆ. ಎನ್.ಆರ್. ಪುರದಲ್ಲಿರುವ ನಾದಿನಿಯ ಮಗನಿಗೆ ಅದೇ ಪೇಪರಿನಲ್ಲಿ 58. ಅಲ್ಲಿ ಧಾರಾಳವಾಗಿ ಕೊಟ್ಟಿದ್ದಾರಂತೆ. ನಮ್ಮ ಯಜಮಾನರು ಎಸ್‌ಡಿಎಂಸಿ ಮೀಟಿಂಗಿನಲ್ಲೇ ಕೇಳುತ್ತೇನೆ ಎಂದು ಹೊರಟಿದ್ದಾರೆ. ಮಗಳು ಪುಸ್ತಕ ಮುಚ್ಚಿಟ್ಟು, ‘ನಂಗೆ ಮ್ಯಾಥ್ಸ್ ಬರಲ್ಲ, ಪಿಯುಸಿಗೆ ಸೈನ್ಸ್ ಬೇಡ’ ಎಂದು ಕೂತಿದ್ದಾಳೆ. ಏನು ಮಾಡಲಿ?
– ಹೆಸರು ಬೇಡ, ಕೊಪ್ಪ ತಾಲ್ಲೂಕು

ಉತ್ತರ: ಮೊದಲು ಒಂದು ಕೆಲಸ ಮಾಡಿ. ಮಗಳ ಉತ್ತರ ಪತ್ರಿಕೆಯನ್ನು ಮನೆಗೆ ತರಿಸಿಕೊಳ್ಳಿ. ನಿಮ್ಮ ಪತ್ರದಲ್ಲಿ 31 ಇದೆ, 58 ಇದೆ, ಸರ್ ಇದ್ದಾರೆ, ನಾದಿನಿಯ ಮಗನೂ ಇದ್ದಾನೆ. ಮಗಳು ಯಾವ ಲೆಕ್ಕ ಬಿಟ್ಟಳು, ಎಲ್ಲಿ ಎಡವಿದಳು ಎಂಬ ಒಂದು ಮಾತೂ ಇಲ್ಲ. ಎಸ್‌ಡಿಎಂಸಿ ಮೀಟಿಂಗಿಗೆ ಹೊರಡುವ ಮುಂಚೆ ಯಜಮಾನರೂ ಆ ಪತ್ರಿಕೆ ನೋಡಲಿ.

ಪ್ರಿಪರೇಟರಿಯ ಅಂಕದಲ್ಲಿ ಮೂರು ಸಂಗತಿಗಳು ಬೆರೆತಿರುತ್ತವೆ: ಪೇಪರ್ ಎಷ್ಟು ಕಷ್ಟ ಇತ್ತು, ತಿದ್ದಿದವರ ಕೈ ಎಷ್ಟು ಬಿಗಿ, ಮಗುವಿಗೆ ಎಷ್ಟು ಗೊತ್ತು. ಪೇಪರ್ ಒಂದೇ ಆಗಿದ್ದರೂ ತಿದ್ದುವ ಕೈ ಶಾಲೆಯಿಂದ ಶಾಲೆಗೆ ಬೇರೆ. ಹಾಗಾಗಿ 31ನ್ನೂ 58ನ್ನೂ ಅಕ್ಕಪಕ್ಕ ಇಟ್ಟು ತೂಗಿದರೆ ಮಕ್ಕಳ ಬಗ್ಗೆ ಏನೂ ತಿಳಿಯುವುದಿಲ್ಲ, ಮನೆಮಂದಿಯ ನಡುವೆ ಮನಸ್ತಾಪ ಮಾತ್ರ ಉಳಿಯುತ್ತದೆ.

ಈಗ ಪತ್ರಿಕೆ ಬಿಡಿಸಿ. ಗಣಿತದಲ್ಲಿ ಒಟ್ಟು 38 ಪ್ರಶ್ನೆ. ಒಂದು ಅಂಕದ್ದು 16, ಎರಡು ಅಂಕದ್ದು 8, ಮೂರು ಅಂಕದ್ದು 9, ನಾಲ್ಕು ಅಂಕದ್ದು 4, ಐದು ಅಂಕದ್ದು ಒಂದು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದು, ಕಳೆದುಕೊಂಡ 49 ಅಂಕವನ್ನು ಮಗಳೇ ಹಂಚಲಿ: ಪಾಠವೇ ಅರ್ಥವಾಗಿಲ್ಲ; ಗೊತ್ತಿತ್ತು, ಲೆಕ್ಕ ತಪ್ಪಿತು; ಗೊತ್ತಿತ್ತು, ಹಂತ ಬರೆಯಲಿಲ್ಲ; ಟೈಮ್ ಸಾಲಲಿಲ್ಲ. ಪಕ್ಕದಲ್ಲಿ ನೀವು ಕೂತಿದ್ದರೆ ಸಾಕು. ನಿಮಗೆ ಗಣಿತ ಬರಬೇಕೆಂದೇನೂ ಇಲ್ಲ.

ಮೂರನೆಯ ಕಾಲಂ ತುಂಬ ದೊಡ್ಡದಾಗಿದ್ದರೆ ಅಚ್ಚರಿಪಡಬೇಡಿ. ಒಂದು ಉದಾಹರಣೆ ನೋಡಿ. 3, 7, 11... ಈ ಸಮಾಂತರ ಶ್ರೇಢಿಯ ಮೊದಲ 20 ಪದಗಳ ಮೊತ್ತ ಕಂಡುಹಿಡಿಯಿರಿ, 2 ಅಂಕ. ಸೂತ್ರ ಬರೆದರೆ ಅರ್ಧ, ಬೆಲೆಗಳನ್ನು ಆದೇಶಿಸಿದರೆ ಅರ್ಧ, ಸುಲಭೀಕರಿಸಿದರೆ ಅರ್ಧ, 820 ಎಂಬ ಉತ್ತರಕ್ಕೆ ಅರ್ಧ. ಸಾಮಾನ್ಯವಾಗಿ ಅಂಕ ಹೀಗೆ ಒಡೆಯುತ್ತದೆ. 19ನ್ನು 4ರಿಂದ ಗುಣಿಸುವಾಗ 76ರ ಬದಲು 72 ಬರೆದು 780 ತಂದ ಹುಡುಗಿಗೂ ಸೂತ್ರದ ಅರ್ಧ, ಆದೇಶದ ಅರ್ಧ ಸಿಗಬೇಕು. ಮನಸ್ಸಿನಲ್ಲೇ ಲೆಕ್ಕ ಮಾಡಿ ಬರೀ 820 ಬರೆದಿಟ್ಟವಳಿಗೆ ಪೂರ್ತಿ ಎರಡು ಅಂಕ ಸಿಗುತ್ತದೆಂಬ ಭರವಸೆ ಇಲ್ಲ. ಚುರುಕಾದ ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಥೇಲ್ಸ್ ಪ್ರಮೇಯದ್ದೂ ಇದೇ ಕಥೆ. ಚಿತ್ರ, ದತ್ತ, ಸಾಧನೀಯ, ರಚನೆ ಇವಿಷ್ಟನ್ನು ಅಚ್ಚುಕಟ್ಟಾಗಿ ಬರೆದವರಿಗೆ ಸಾಧನೆ ನಡುವೆ ಮರೆತುಹೋದರೂ ಒಂದಿಷ್ಟು ಅಂಕ ಬರುತ್ತದೆ. ಬಹುಆಯ್ಕೆ ಪ್ರಶ್ನೆಗೆ ಕ್ರಮಾಕ್ಷರದ ಜೊತೆ ಪೂರ್ಣ ಉತ್ತರ ಬರೆಯಿರಿ ಎಂದು ಪೇಪರಿನಲ್ಲೇ ಇರುತ್ತದೆ. ಬರೀ ‘ಬಿ’ ಎಂದು ಬರೆದು ಬಂದಿದ್ದಾಳಾ, ನೋಡಿ.

ಇಂಥ ಕಡೆ ಕತ್ತರಿ ಹಾಕಿದ್ದರೆ ಸರ್ ತಪ್ಪು ಮಾಡಿಲ್ಲ. ಪಬ್ಲಿಕ್ ಪರೀಕ್ಷೆಯಲ್ಲಿ ಆ ಅರ್ಧ ಅಂಕ ಹೋಗುವ ಮೊದಲು ಇಲ್ಲೇ ಹೋಗಿದ್ದು ಒಳ್ಳೆಯದೇ ಆಯಿತು. ಧಾರಾಳವಾಗಿ ಬಂದ 58ರಲ್ಲಿ ಆ ಹುಡುಗನ ತಪ್ಪುಗಳು ಅವನಿಗೇ ಕಾಣದೆ ಉಳಿದಿರಬಹುದು. ‘ಪಬ್ಲಿಕ್‌ನಲ್ಲಿ ಹೇಗೋ ದಾಟಿಬಿಡಬಹುದು’ ಎಂಬ ಮಾತನ್ನು ಈಗ ನಂಬುವಂತಿಲ್ಲ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ, ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿದಿತ್ತು.

ಆದರೆ ಬಿಗಿ ಮೌಲ್ಯಮಾಪನಕ್ಕೂ ಒಂದು ಗೆರೆ ಇದೆ. ಮೇಲಿನ ಲೆಕ್ಕದಲ್ಲಿ 72 ಬರೆದ ತಪ್ಪಿಗೆ ಎರಡಕ್ಕೆ ಸೊನ್ನೆ ಹಾಕಿದ್ದರೆ, ಅಥವಾ ತಾನು ಹೇಳಿಕೊಟ್ಟ ವಿಧಾನವಲ್ಲ ಎಂಬ ಕಾರಣಕ್ಕೆ ಸರಿಯಾದ ಉತ್ತರಕ್ಕೂ ಅಂಕ ಕಳೆದಿದ್ದರೆ ಕೇಳಬೇಕಾದ್ದೇ. ಬೇರೆ ಸರಿಯಾದ ವಿಧಾನಕ್ಕೂ ಅಂಕ ಕೊಡಬೇಕೆಂಬುದು ಮೌಲ್ಯಮಾಪನದ ರೂಢಿ. ಕೇಳುವ ಬಗೆ ಮಾತ್ರ ಮುಖ್ಯ. ಮಗಳನ್ನು ಕರೆದುಕೊಂಡು ನೀವೇ ಹೋಗಿ, ‘ಸರ್, ಈ ಲೆಕ್ಕದಲ್ಲಿ ಯಾವ ಹಂತ ಬರೆದಿದ್ದರೆ ಅಂಕ ಬರ್ತಿತ್ತು?’ ಅನ್ನಿ. ‘ಯಾಕೆ ಕಟ್ ಮಾಡಿದಿರಿ’ ಎಂದು ಶುರು ಮಾಡಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ, ಕಲಿಯುವ ದಾರಿ ಅಲ್ಲಿಗೇ ಮುಚ್ಚುತ್ತದೆ. ಎಸ್‌ಡಿಎಂಸಿಗೆ ಒಯ್ಯಬೇಕಾದ ವಿಷಯ ಬೇರೆ. ಅಂಕ ಓದಿ ಹೇಳಿ ತರಗತಿಯಲ್ಲಿ ಮಗುವನ್ನು ಅವಮಾನ ಮಾಡಿದ್ದರೆ, ಪತ್ರಿಕೆ ತೋರಿಸಲು ಒಪ್ಪದಿದ್ದರೆ ಧಾರಾಳವಾಗಿ ಒಯ್ಯಿರಿ.

ಮೊದಲನೆಯ ಕಾಲಂ, ಅಂದರೆ ಪಾಠವೇ ಅರ್ಥವಾಗದ್ದು, ದೊಡ್ಡದಾಗಿದ್ದರೆ ಬೇರೆ ಕಡೆಯೂ ನೋಡಬೇಕು. ನಿಮ್ಮ ಕೊಪ್ಪ, ಶೃಂಗೇರಿ, ಎನ್.ಆರ್. ಪುರದಲ್ಲಿ ಜುಲೈ-ಆಗಸ್ಟ್‌ನಲ್ಲಿ ಮಳೆ ರಜೆಯ ಮೇಲೆ ಮಳೆ ರಜೆ. ಹೋದ ದಿನಗಳನ್ನು ಶನಿವಾರದ ಮಧ್ಯಾಹ್ನಗಳಲ್ಲಿ ತುಂಬಿಸುತ್ತಾರೆ. ಕೊನೆಯ ಅಧ್ಯಾಯಗಳು ಓಡೋಡಿ ಮುಗಿಯುತ್ತವೆ, ಲೆಕ್ಕ ಮಾಡಿ ಕೈ ಪಳಗಲು ಬಿಡುವು ಸಿಗುವುದಿಲ್ಲ. ಅಷ್ಟರಲ್ಲಿ ಅಡಿಕೆ ಕೊಯ್ಲು, ಸುಲಿತ. ಮನೆಯಲ್ಲಿ ರಾತ್ರಿ ಹತ್ತಾದರೂ ಗದ್ದಲ. ಪ್ರಿಪರೇಟರಿ ಬರುವುದೂ ಆಗಲೇ. ಯಾವ ಅಧ್ಯಾಯದ ಲೆಕ್ಕಗಳು ಹೋಗಿವೆ ಎಂದು ಮಗಳನ್ನು ಕೇಳಿ. ಎಲ್ಲವೂ ಕೊನೆಯಲ್ಲಿ ಮಾಡಿದ ಪಾಠಗಳದ್ದೇ ಆದರೆ ಅವಳಿಗೆ ಗಣಿತ ಬರುವುದಿಲ್ಲ ಎಂದು ಅರ್ಥವಲ್ಲ. ಆ ಪಾಠ ಇನ್ನೂ ಮೈಗೆ ಹತ್ತಿಲ್ಲ, ಅಷ್ಟೆ.

ಮುಂದಿನ ವಾರಗಳಿಗೆ ಇಷ್ಟು ಸಾಕು. ಬೆಳಿಗ್ಗೆ ಒಂದು ಗಂಟೆ ಗಣಿತಕ್ಕೆಂದೇ ಇಡಿ; ಆ ಹೊತ್ತಿನಲ್ಲಿ ಅಡುಗೆಮನೆಗೂ ಕರೆಯಬೇಡಿ, ಅಂಗಳಕ್ಕೂ ಕರೆಯಬೇಡಿ. ಮೊದಲು ಒಂದು ಮತ್ತು ಎರಡು ಅಂಕದ ಪ್ರಶ್ನೆಗಳು ಗಟ್ಟಿಯಾಗಲಿ, ಅಲ್ಲೇ 32 ಅಂಕ ಇದೆ. ಆಮೇಲೆ ಪ್ರಮೇಯ ಮತ್ತು ನಕ್ಷೆ. ಭಾನುವಾರ ಪರೀಕ್ಷಾ ಮಂಡಳಿಯ ಒಂದು ಮಾದರಿ ಪೇಪರನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯಲಿ. ಓದಿಕೊಳ್ಳಲು ಕೊಡುವ 15 ನಿಮಿಷ ಬಿಟ್ಟರೆ ಉಳಿಯುವುದು 3 ಗಂಟೆ, ಅಂದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ಮೂರು ಅಂಕದ ಲೆಕ್ಕವೊಂದು ಹತ್ತು ನಿಮಿಷ ಹಿಡಿದರೆ ಅದನ್ನು ಬಿಟ್ಟು ಮುಂದೆ ಹೋಗುವುದೂ ಅಭ್ಯಾಸದಿಂದಲೇ ಬರಬೇಕು. ಬರೆದದ್ದನ್ನು ಕೀ ಉತ್ತರ ಇಟ್ಟುಕೊಂಡು ಅವಳೇ, ಸರ್‌ಗಿಂತ ಬಿಗಿಯಾಗಿ, ತಿದ್ದಲಿ. ತನ್ನ ಪೇಪರಿಗೆ ತಾನೇ ಅರ್ಧ ಅಂಕ ಕತ್ತರಿಸಿದವಳು ಆ ತಪ್ಪನ್ನು ಮತ್ತೆ ಮಾಡುವುದು ಕಡಿಮೆ.

ಸೈನ್ಸ್ ಬೇಕೋ ಬೇಡವೋ ಎಂಬ ಮಾತು ಈಗ ಬೇಡ, ಫಲಿತಾಂಶ ಬರಲಿ. 2023-24ರಿಂದ ಒಂದೇ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮೊದಲನೆಯದರಲ್ಲಿ ಕಡಿಮೆ ಬಂದರೆ ಮತ್ತೆ ಬರೆದು ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು. ಲಿಖಿತ 80ರ ಜೊತೆಗೆ ಆಂತರಿಕ ಮೌಲ್ಯಮಾಪನದ 20 ಅಂಕವೂ ಇದೆ. ಇದನ್ನೆಲ್ಲ ಮಗಳಿಗೆ ಒಮ್ಮೆ ಹೇಳಿ, ದಿನಾ ಹೇಳಬೇಡಿ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಊಟ, ನಿದ್ದೆ ಬಿಟ್ಟಿದ್ದರೆ, ಯಾರ ಜೊತೆಗೂ ಮಾತಿಲ್ಲದೆ ಕೂತಿದ್ದರೆ, ‘ನಾನು ಇದ್ದೇನು ಪ್ರಯೋಜನ’ ಎಂಬಂಥ ಮಾತು ಬಂದರೆ ಅದು ಗಣಿತದ ಸಮಸ್ಯೆಯಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಹಾಗೇನೂ ಇಲ್ಲದಿದ್ದರೆ ಈ ಭಾನುವಾರ ಪತ್ರಿಕೆ, ನೋಟ್‌ಬುಕ್ಕು ಹಿಡಿದು ಇಬ್ಬರೂ ಕೂರಿ. ನಾದಿನಿಯ ಮನೆಗೆ ಫೋನ್ ಮಾಡುವುದಿದ್ದರೆ, ಅವರ ಹುಡುಗನೂ ತನ್ನ 58ರ ಪೇಪರನ್ನು ಹೀಗೇ ನಾಲ್ಕು ಕಾಲಂ ಮಾಡಿ ನೋಡಲಿ ಎಂದು ಹೇಳಿ.