ಆಡಿದ ಮಾತು ಮತ್ತು ಪ್ರಭುವಿನ ಕ್ಷಮೆ



ಬೆಟ್ಟದ ಮೆಟ್ಟಿಲು ಹತ್ತಿ ಬರುವಾಗ ಒಬ್ಬೊಬ್ಬರ ಮನಸ್ಸಿನಲ್ಲೂ ಒಂದೊಂದು ಹೊರೆ ಇರುತ್ತದೆ. ಕಾಯಿಲೆ, ಸಾಲ, ಮಗಳ ಮದುವೆ, ಇವನ್ನೆಲ್ಲಾ ಬಾಯಿಬಿಟ್ಟು ಹೇಳಿ ಮೇಣದಬತ್ತಿ ಹಚ್ಚುತ್ತೇವೆ. ಯಾರಿಗೂ ಹೇಳದ ಹೊರೆಯೂ ಒಂದಿದೆ. "ಅಯ್ಯೋ, ಅವತ್ತು ಆ ಮಾತು ಆಡಬಾರದಿತ್ತು" ಅನ್ನೋ ಹೊರೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ಹೊರೆ ನನಗೂ ಗೊತ್ತು. ಹಾಸಿಗೆ ಹಿಡಿದಿದ್ದ ನನ್ನ ತಾಯಿ ಒಂದು ರಾತ್ರಿ ನಾಲ್ಕನೇ ಸಲ ನೀರು ಕೇಳಿದಾಗ, ನಿದ್ದೆಗೆಟ್ಟ ಸಿಟ್ಟಿನಲ್ಲಿ "ನಿನ್ನಿಂದ ನನಗೆ ಒಂದು ದಿನಾನೂ ನೆಮ್ಮದಿ ಇಲ್ಲ" ಅಂದುಬಿಟ್ಟೆ. ಆಕೆ ತಿರುಗಿ ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ರಾತ್ರಿ ಹೊತ್ತು ನೀರು ಕೇಳಲೂ ಇಲ್ಲ. ಕೆಲವೇ ದಿನಗಳಲ್ಲಿ ತೀರಿಕೊಂಡಳು. ಕ್ಷಮಿಸು ಅನ್ನೋಣವೆಂದರೆ ಕೇಳಲು ತಾಯಿಯೇ ಇಲ್ಲ. ಇಂಥ ಮಾತಿಗೂ ಕ್ಷಮೆ ಉಂಟೇ?

ಇದಕ್ಕೆ ಉತ್ತರ ಸಂತ ಪೇತ್ರರ ಜೀವನದಲ್ಲಿದೆ.

ಮೊದಲನೆಯ ಬೆಂಕಿ

ಯೇಸುವನ್ನು ಬಂಧಿಸಿದ ರಾತ್ರಿ ಪ್ರಧಾನಯಾಜಕನ ಅಂಗಳದಲ್ಲಿ ಚಳಿಗೆ ಕೆಂಡದ ಬೆಂಕಿ ಹಾಕಿದ್ದರು (ಯೊವಾನ್ನ 18:18). ಪೇತ್ರ ಅಲ್ಲೇ ನಿಂತು ಮೈ ಕಾಯಿಸಿಕೊಳ್ಳುತ್ತಿದ್ದ. ಅವನ ಗಲಿಲೇಯದ ಮಾತಿನ ಧಾಟಿಯೇ ಅವನ ಗುರುತು ಹೇಳಿಬಿಟ್ಟಿತು. ಆಗ ಅವನು ಆಣೆ ಹಾಕಿ, ಶಪಿಸಿಕೊಂಡು, ಆ ಮನುಷ್ಯನನ್ನು ನಾನು ಅರಿಯೆ ಎಂದ. ಒಂದು ಸಲ ಅಲ್ಲ, ಮೂರು ಸಲ. ಕೋಳಿ ಕೂಗಿತು. ಪ್ರಭು ಹಿಂತಿರುಗಿ ಅವನನ್ನು ನೋಡಿದರು ಎನ್ನುತ್ತಾನೆ ಲೂಕ. ಪೇತ್ರ ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ.

ಪೇತ್ರ ಪ್ರಭುವಿಗೆ ಹೊಡೆಯಲಿಲ್ಲ, ಮೊಳೆ ಜಡಿಯಲಿಲ್ಲ. ಬರೀ ಮಾತು ಆಡಿದ. ಆ ಮಾತೇ ಅವನನ್ನು ಸುಟ್ಟಿತು. ಜೆರುಸಲೇಮಿನ ಸಿಯೋನ್ ಗುಡ್ಡದ ಇಳಿಜಾರಿನಲ್ಲಿ ಈ ಘಟನೆಯ ನೆನಪಿಗೆ ಒಂದು ದೇವಾಲಯವಿದೆ. ಅದರ ಹೆಸರೇ 'ಕೋಳಿ ಕೂಗಿದ ಸಂತ ಪೇತ್ರರ ದೇವಾಲಯ'. ಅದರ ಮೇಲಿನ ಶಿಲುಬೆಯ ತುದಿಯಲ್ಲಿ ಹೊಂಬಣ್ಣದ ಹುಂಜವಿದೆ. ಧರ್ಮಸಭೆ ತನ್ನ ಮೊದಲ ಜಗದ್ಗುರುವಿನ ತಪ್ಪನ್ನು ಮುಚ್ಚಿಡಲಿಲ್ಲ ನೋಡಿ.

ಅದೇ ಹೊತ್ತಿನಲ್ಲಿ ಯೂದನೂ ಪಶ್ಚಾತ್ತಾಪಪಟ್ಟ, ಬೆಳ್ಳಿ ನಾಣ್ಯಗಳನ್ನು ಎಸೆದ (ಮತ್ತಾಯ 27). ಆದರೆ ಒಬ್ಬನೇ ದೂರ ಹೋಗಿ ನಿರಾಶೆಯಲ್ಲಿ ಮುಳುಗಿದ. ಪೇತ್ರನಾದರೋ ಅಳುತ್ತಲೇ ಉಳಿದ ಶಿಷ್ಯರ ಜೊತೆ ಇದ್ದ. ಪಾಪಪ್ರಜ್ಞೆ ನಮ್ಮನ್ನು ಪ್ರಭುವಿನ ಕಡೆಗೂ ತಳ್ಳಬಹುದು, ಪ್ರಭುವಿನಿಂದ ದೂರವೂ ತಳ್ಳಬಹುದು. ನಿಮ್ಮನ್ನು ಯಾವ ಕಡೆಗೆ ತಳ್ಳುತ್ತಿದೆ, ಯೋಚಿಸಿ.

ಎರಡನೆಯ ಬೆಂಕಿ

ಪುನರುತ್ಥಾನವಾದ ಮೇಲೆ ಗಲಿಲೇಯ ಸರೋವರದ ದಡದಲ್ಲಿ ಯೇಸುಸ್ವಾಮಿ ಮೀನು ಸುಡಲು ಬೆಂಕಿ ಹಾಕಿ ಕಾಯುತ್ತಿದ್ದರು. ಅದೂ ಕೆಂಡದ ಬೆಂಕಿಯೇ (ಯೊವಾನ್ನ 21:9). ಇಲ್ಲಿ ಬಳಸಿರುವ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ: ಪೇತ್ರ ಸುಳ್ಳಾಡಿದ ಅಂಗಳದಲ್ಲಿ, ಮತ್ತು ಈ ದಡದಲ್ಲಿ. ಆ ಕೆಂಡದ ವಾಸನೆಗೇ ಪೇತ್ರನ ಎದೆ ಝಲ್ ಅಂದಿರಬೇಕು!

ಪ್ರಭು ಮೊದಲು ಊಟ ಕೊಟ್ಟರು. ಆಮೇಲೆ ಮಾತು. "ಯಾಕೆ ಹಾಗಂದೆ?" ಅಂತ ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದರು. ಮೂರನೇ ಸಲ ಪೇತ್ರನಿಗೆ ದುಃಖವಾಯಿತು. ಗಾಯ ತೊಳೆಯುವಾಗ ಉರಿಯುವುದು ಸಹಜ ತಾನೇ? ಮೂರು ಸಲ ಅಲ್ಲಗಳೆದ ಅದೇ ನಾಲಿಗೆಯಿಂದ ಮೂರು ಸಲ ಪ್ರೀತಿಯ ಮಾತು ಬಂತು. ಪ್ರತಿ ಸಲವೂ ಪ್ರಭು ಒಂದು ಕೆಲಸ ಒಪ್ಪಿಸಿದರು: ತಮ್ಮ ಮಂದೆಯನ್ನು ನೋಡಿಕೊಳ್ಳುವ ಕೆಲಸ.

ನಮ್ಮ ಪಾಠ ಇದೇ. ದೇವರ ಕ್ಷಮೆ ಆಡಿದ ಮಾತನ್ನು ಆಡಿಲ್ಲ ಅಂತ ಮಾಡುವುದಿಲ್ಲ. ಅದೇ ಬಾಯಿಗೆ ಹೊಸ ಮಾತು ಕೊಡುತ್ತದೆ, ಅದೇ ಕೈಗೆ ಹೊಸ ಕೆಲಸ ಕೊಡುತ್ತದೆ.

ಬಹಳ ದಿನ ತಡಮಾಡಿ ಕೊನೆಗೆ ನಾನು ಪಾಪನಿವೇದನೆಗೆ ಹೋದೆ. ಗುರುಗಳು ಪಾಪಕ್ಷಮೆ ನೀಡಿ, ತಾಯಿಯ ಆತ್ಮಕ್ಕಾಗಿ ಒಂದು ಪೂಜೆ ಅರ್ಪಿಸು, ಹಾಸಿಗೆ ಹಿಡಿದ ಯಾರನ್ನಾದರೂ ವಾರಕ್ಕೊಮ್ಮೆ ನೋಡಿಕೊಂಡು ಬಾ ಅಂದರು. ಪಕ್ಕದ ಬೀದಿಯ ಅಜ್ಜಿಯೊಬ್ಬರಿಗೆ ನೀರು ಕುಡಿಸಿದ ದಿನ ನನ್ನ ಕೈ ನಡುಗಿತು. ನೆನಪು ಹೋಗಿಲ್ಲ. ಆದರೆ ಅದು ಈಗ ನನ್ನನ್ನು ಕೊಲ್ಲುವುದಿಲ್ಲ, ಕೆಲಸಕ್ಕೆ ಕಳಿಸುತ್ತದೆ. ನೆನಪು ಬಂದಾಗ ಕಣ್ಣೀರು ಬಂದರೆ ಕ್ಷಮೆ ಸಿಕ್ಕಿಲ್ಲ ಎಂದುಕೊಳ್ಳಬೇಡಿ. ಕೋಳಿ ಕೂಗಿದಾಗಲೆಲ್ಲಾ ಪೇತ್ರರು ಅಳುತ್ತಿದ್ದರೆಂಬ ಹಳೆಯ ಐತಿಹ್ಯವೇ ಇದೆ.

ಮಾತಿನಿಂದ ನೊಂದವರಿಗೆ

ನೀವು ಮಾತಿನ ಏಟು ತಿಂದವರೋ? ಕ್ಷಮಿಸುವುದೆಂದರೆ ನಡೆದದ್ದು ಸರಿ ಅನ್ನುವುದಲ್ಲ, ಇನ್ನೂ ಬೈಸಿಕೊಳ್ಳುತ್ತಾ ಇರುವುದೂ ಅಲ್ಲ. ತಪ್ಪನ್ನು ತಪ್ಪೆಂದೇ ಹೇಳಿ, ಸೇಡನ್ನು ದೇವರ ಕೈಗೆ ಬಿಡುವುದು. ಬೈಗುಳಕ್ಕೆ ಬೈಗುಳ ಬೇಡ, ಆಶೀರ್ವಾದ ಕೊಡಿ ಎಂಬ ಬುದ್ಧಿವಾದ ಇರುವುದು ಸಂತ ಪೇತ್ರರ ಹೆಸರಿನ ಮೊದಲ ಪತ್ರದಲ್ಲೇ (3:9). ಒಂದೇ ದಿನದಲ್ಲಿ ಆಗದಿದ್ದರೆ, "ಪ್ರಭುವೇ, ಕ್ಷಮಿಸುವ ಮನಸ್ಸು ಕೊಡು" ಎಂದಾದರೂ ಕೇಳಿ. ಅದೇ ಮೊದಲ ಮೆಟ್ಟಿಲು.

ಬೆಟ್ಟ ಇಳಿಯುವ ಮುನ್ನ

1. ನನ್ನ ಮಾತಿನಿಂದ ನೊಂದವರು ಯಾರು? ಬದುಕಿದ್ದರೆ ಈ ವಾರವೇ ಹೋಗಿ ಕ್ಷಮೆ ಕೇಳುತ್ತೇನೆಯೇ?
2. ಅವರು ತೀರಿಕೊಂಡಿದ್ದರೆ, ಅವರಿಗಾಗಿ ಪ್ರಾರ್ಥಿಸಿ ಯಾರಿಗೆ ಸೇವೆ ಮಾಡಲಿ?
3. ಪಾಪನಿವೇದನೆ ಮಾಡಿ ಎಷ್ಟು ದಿನವಾಯಿತು? ಅಲ್ಲಿ ಹೇಳಿದ ಪಾಪವನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಅಂಜಿಕೆ ಬೇಡ.

ಪ್ರಾರ್ಥನೆ: ಪ್ರಭು ಯೇಸುವೇ, ಪೇತ್ರನನ್ನು ನೋಡಿದ ಕಣ್ಣಿನಿಂದ ನನ್ನನ್ನೂ ನೋಡು. ನಾನು ಸುಟ್ಟ ಮನಸ್ಸುಗಳನ್ನು ನೀನು ತಂಪು ಮಾಡು. ನನ್ನ ನಾಲಿಗೆಗೆ ಹೊಸ ಮಾತು ಕೊಡು. ಆಮೆನ್.