ಸ್ಟಾರ್ಟ್ ಆಗದ ಕಾರು: ಒಂದು ಅಭ್ಯಾಸ ಪಾಠದ ಅನುಭವ

ತರಗತಿ: 9
ಕಲಿಕಾಂಶ: ಕಾರಣ ಹುಡುಕುವ ವೈಜ್ಞಾನಿಕ ವಿಧಾನ

ಮಂಗಳೂರಿನ ಜಡಿಮಳೆಯಲ್ಲಿ ರಾತ್ರಿಯಿಡೀ ಅಂಗಳದಲ್ಲಿ ನಿಂತ, ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800 ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಈ ಸಮಸ್ಯೆಯಿಂದ ಪಾಠ ಆರಂಭಿಸಿದೆ. ಪೆಟ್ರೋಲ್ ಎಂಜಿನ್‌ಗೆ ಬೇಕಾದವು ಮೂರು: ಗಾಳಿ-ಪೆಟ್ರೋಲ್ ಮಿಶ್ರಣ, ಸಂಪೀಡನ, ಸಕಾಲದಲ್ಲಿ ಕಿಡಿ. ಸ್ಟಾರ್ಟರ್ ಎಂದಿನಂತೆ ತಿರುಗುತ್ತಿದೆ, ಬ್ಯಾಟರಿ ಸರಿಯಿದೆ. ಹೊಗೆಕೊಳವೆಯಲ್ಲಿ ಪೆಟ್ರೋಲ್ ವಾಸನೆಯಿದೆ, ಇಂಧನ ಬರುತ್ತಿದೆ. ನಿನ್ನೆ ಚೆನ್ನಾಗಿ ಓಡಿದ್ದರಿಂದ ಸಂಪೀಡನದ ಪರೀಕ್ಷೆ ಕೊನೆಗಿರಲಿ. ಉಳಿದದ್ದು ಕಿಡಿ. ಅದರ ತಂತಿಗಳಲ್ಲಿ ಸಾವಿರಾರು ವೋಲ್ಟ್ ಇರುವುದರಿಂದ ಮೊದಲು ಕೀ ತೆಗೆಯಬೇಕು. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ತೇವ! ಒಣಬಟ್ಟೆಯಲ್ಲಿ ಒರೆಸಿದ ಮೇಲೆ ಎಂಜಿನ್ ಸ್ಟಾರ್ಟ್ ಆಯಿತು. ‘ತೇವವೇ ಕಾರಣ’ ಎಂದು ಕಪ್ಪುಹಲಗೆಯಲ್ಲಿ ಬರೆದೆ.

ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಟೀಚರ್, ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಒದ್ದೆಯಾದರೂ ವಾಸನೆ ಬರುತ್ತದಲ್ಲ? ನೀವು ಒರೆಸುವಷ್ಟರಲ್ಲಿ ಅದು ಆರಿರಬಹುದಲ್ಲ?”

ನನ್ನಲ್ಲಿ ಉತ್ತರವಿರಲಿಲ್ಲ. ಗಂಟೆ ಬಾರಿಸಿದ್ದು ನನ್ನನ್ನು ಉಳಿಸಿತು.

ಪಾಠದ ನಂತರ ಮಾರ್ಗದರ್ಶಕ ಉಪನ್ಯಾಸಕರು ತಿಳಿಸಿದರು: ಒರೆಸುವ ಮೊದಲು ಅಷ್ಟೇ ಹೊತ್ತು ಸುಮ್ಮನೆ ಕಾದು, ಒಮ್ಮೆ ಸ್ಟಾರ್ಟ್ ಮಾಡಿ ನೋಡಬೇಕಿತ್ತು. ಆಗ ಆಗದೆ, ಒರೆಸಿದ ಮೇಲೆ ಆದರೆ ತೇವದ ಮೇಲಿನ ಸಂಶಯ ಬಲವಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಮರುಪಾಠವನ್ನು ಆ ಹುಡುಗಿಯ ಪ್ರಶ್ನೆಯಿಂದಲೇ ಆರಂಭಿಸಿದೆ. ಕಾರು ಸರಿಯಾಯಿತು ಎಂಬುದು ಕಾರಣ ತಿಳಿಯಿತು ಎಂಬುದಕ್ಕೆ ಸಾಕ್ಷಿಯಲ್ಲ. ಅಂದು ಕಲಿತವಳು ನಾನು.